ಅಸಲಿ ರಾಕ್ ಎಂಬ ಕಟ್ಟುಕಥೆ

ರಾಕ್ ನುಡಿಸುವವರು ನಾಲ್ಕು ಜನ ಒಂದೆಡೆ ಕೂತರೆ ರಾತ್ರಿ ಮುಗಿಯುವುದರೊಳಗೆ ಒಂದು ಜಗಳ ಎದ್ದೇ ಏಳುತ್ತದೆ. ಯಾವುದು ಅಸಲಿ ರಾಕ್, ಯಾವುದು ರಾಕಿನ ವೇಷ ತೊಟ್ಟ ಪಾಪ್ ಎಂಬ ಜಗಳ. ಲೆಡ್ ಜೆಪ್ಲಿನ್ ಅಸಲಿ, ಬಾನ್ ಜೋವಿ ನಕಲಿ. ಮೆಟಾಲಿಕಾದ ಮೊದಲ ನಾಲ್ಕು ಆಲ್ಬಂ ಅಸಲಿ, ಐದನೆಯದರಿಂದ ಅವರು ದುಡ್ಡಿಗೆ ಮಾರಿಕೊಂಡರು. ಕೋಲ್ಡ್‌ಪ್ಲೇ ಹೆಸರೆತ್ತಿದರೆ ಒಬ್ಬ ಸಿಗರೇಟಿನ ನೆಪದಲ್ಲಿ ಎದ್ದು ಹೊರಗೆ ಹೋಗುತ್ತಾನೆ. ಗಿಟಾರು ನಂಬಿ ಹೊಟ್ಟೆ ಹೊರೆಯುವ ನನಗೆ ಈ ಜಗಳ ಕೇಳುವುದೆಂದರೆ ಬೇಸರವೇನಿಲ್ಲ, ಅದರಲ್ಲಿ ರಂಜನೆಯೂ ಇದೆ. ಆದರೆ ಅದರ ತಳಪಾಯವೇ ಪೊಳ್ಳು ಎಂದು ದಿನದಿಂದ ದಿನಕ್ಕೆ ಖಾತ್ರಿಯಾಗುತ್ತಿದೆ.

ಈ ವಾದದ ಪ್ರಕಾರ ರಾಕ್ ಎಂದರೆ ಎದೆಯಿಂದ ಬಂದದ್ದು, ಪಾಪ್ ಎಂದರೆ ಕಾರ್ಖಾನೆಯಿಂದ ಬಂದದ್ದು. ರಾಕ್ ಹಾಡುವವನು ತನ್ನ ಹಾಡನ್ನು ತಾನೇ ಬರೆಯುತ್ತಾನೆ, ತಾನೇ ನುಡಿಸುತ್ತಾನೆ, ಯಾರಿಗೂ ತಲೆಬಾಗುವುದಿಲ್ಲ. ಪಾಪ್ ಹಾಡುವವರಿಗೆ ಎಲ್ಲವನ್ನೂ ಬೇರೆಯವರು ಮಾಡಿಕೊಡುತ್ತಾರೆ. ಕೇಳಲು ಚೆನ್ನಾಗಿದೆ. ಧ್ವನಿಮುದ್ರಣದ ಚರಿತ್ರೆ ಮಾತ್ರ ಈ ಮಾತಿಗೆ ಒಪ್ಪುವುದಿಲ್ಲ.

ನಾದದಿಂದಲೇ ಶುರುಮಾಡೋಣ. ರಾಕ್ ಗಿಟಾರ್ ಎಂದೊಡನೆ ಕಿವಿಗೆ ಬರುವುದು ಅದರ ಹರಿದ, ಗೊಗ್ಗರು ದನಿ. ನಾವು ಡಿಸ್ಟಾರ್ಷನ್ ಅನ್ನುತ್ತೇವೆ. 1951ರ ಮಾರ್ಚ್‌ನಲ್ಲಿ ಐಕ್ ಟರ್ನರ್‌ನ ತಂಡ ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್‌ನಿಂದ ಮೆಂಫಿಸ್‌ನಲ್ಲಿದ್ದ ಸ್ಯಾಮ್ ಫಿಲಿಪ್ಸ್‌ನ ಸ್ಟುಡಿಯೊಗೆ ಹೊರಟಿತ್ತು. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್‌ನ ಆಂಪ್ಲಿಫೈಯರ್ ಕೆಟ್ಟಿತು. ಕಾರಿನಿಂದ ಬಿತ್ತು ಎನ್ನುವವರಿದ್ದಾರೆ, ಮಳೆಯಲ್ಲಿ ನೆನೆಯಿತು ಎನ್ನುವವರೂ ಇದ್ದಾರೆ. ರಿಪೇರಿಗೆ ಹೊತ್ತಿರಲಿಲ್ಲ. ಸ್ಪೀಕರಿನ ಹರಿದ ಕೋನಿಗೆ ಕಾಗದ ತುರುಕಿ ಹಾಗೆಯೇ ನುಡಿಸಿದರು. ಬಂದ ದನಿ ಫಿಲಿಪ್ಸ್‌ಗೆ ಹಿಡಿಸಿತು. ಅಂದು ಮುದ್ರಣವಾದ 'ರಾಕೆಟ್ 88' ಮೊದಲ ರಾಕ್ ಅಂಡ್ ರೋಲ್ ಹಾಡು ಎಂದು ಎಷ್ಟೋ ಜನ ಹೇಳುತ್ತಾರೆ. ಅದು ಮೊದಲನೆಯದೋ ಅಲ್ಲವೋ, ಕೆಟ್ಟುಹೋದ ಸಾಮಾನಿನಿಂದ ಬಂದ ದನಿಯನ್ನು ಬೇಕೆಂದೇ ಉಳಿಸಿಕೊಂಡದ್ದಂತೂ ನಿಜ.

ಆಮೇಲೆ ಕೆಡಿಸುವುದೇ ಒಂದು ಕಸುಬಾಯಿತು. ಲಿಂಕ್ ರೇ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಮಾಡಿ 1958ರಲ್ಲಿ 'ರಂಬಲ್' ನುಡಿಸಿದ. ಅದರಲ್ಲಿ ಒಂದು ಪದ ಸಾಹಿತ್ಯವಿಲ್ಲ, ಆದರೂ ಹುಡುಗರು ಬೀದಿ ಕಾಳಗಕ್ಕೆ ಇಳಿದಾರು ಎಂದು ಹೆದರಿ ಕೆಲವು ರೇಡಿಯೊ ಕೇಂದ್ರಗಳು ಅದನ್ನು ತಡೆಹಿಡಿದವು. ಲಂಡನ್ನಿನ ಹುಡುಗ ಡೇವ್ ಡೇವಿಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದ. ಅದರಿಂದಲೇ 1964ರಲ್ಲಿ ಕಿಂಕ್ಸ್ ತಂಡದ 'ಯು ರಿಯಲಿ ಗಾಟ್ ಮಿ' ಹುಟ್ಟಿತು.

ಇವರೆಲ್ಲರಿಗಿಂತ ನನಗೆ ಇಷ್ಟವಾದ ಕಥೆ ನ್ಯಾಷ್‌ವಿಲ್‌ನದು. ಹಾಡಿದ್ದು ಮಾರ್ಟಿ ರಾಬಿನ್ಸ್, ಹಾಡು 1961ರಲ್ಲಿ ಬಂದ 'ಡೋಂಟ್ ವರಿ'. ಅಪ್ಪಟ ಕಂಟ್ರಿ ಗೀತೆ, ಬಂಡಾಯದ ಸೋಂಕೂ ಇಲ್ಲದ್ದು. ಮುದ್ರಿಸುವಾಗ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರು ಕಣಜದಂತೆ ಗುಂಯ್‌ಗುಡತೊಡಗಿತು. ಇಂಜಿನಿಯರ್ ಗ್ಲೆನ್ ಸ್ನಾಡಿಗೆ ಅದನ್ನು ಅಳಿಸಲು ಮನಸ್ಸಾಗಲಿಲ್ಲ. ಮುಂದೆ ಅದೇ ದನಿ ಬೇಕೆಂದು ಬೇರೆಯವರು ಕೇಳಿಕೊಂಡು ಬಂದಾಗ, ಕೆಟ್ಟ ಚಾನೆಲಿನ ದನಿಯನ್ನೇ ಕೊಡುವ ಪುಟ್ಟದೊಂದು ಸರ್ಕ್ಯೂಟ್ ಕಟ್ಟಿ ಗಿಬ್ಸನ್ ಕಂಪನಿಗೆ ಒಪ್ಪಿಸಿದ. 1962ರಲ್ಲಿ ಅದು ಮೇಸ್ಟ್ರೊ ಫಝ್ ಟೋನ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಕಾಲಲ್ಲಿ ಒತ್ತಿದರೆ ಕೆಟ್ಟ ದನಿ, ಮತ್ತೆ ಒತ್ತಿದರೆ ಒಳ್ಳೆಯ ದನಿ. ಕೆಡುಕಿಗೆ ಒಂದು ಸ್ವಿಚ್ಚು, ಅದಕ್ಕೊಂದು ಬೆಲೆಚೀಟಿ. ಇಂದು ಯಾವ ಗಿಟಾರ್ ವಾದಕನ ಕಾಲಬುಡದಲ್ಲಿ ನೋಡಿದರೂ ಕಾಣುವ ಬಣ್ಣಬಣ್ಣದ ಪೆಡಲುಗಳು ಅದರ ವಂಶದವೇ.

ಕೆಟ್ಟ ದನಿ ಕಿವಿಗೆ ಯಾಕೆ ಹಿಡಿಸುತ್ತದೆ? ಆಂಪ್ಲಿಫೈಯರಿಗೆ ಅದರ ತಾಕತ್ತು ಮೀರಿ ಸಿಗ್ನಲ್ ತುಂಬಿದರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಹೀಗೆ ನೆತ್ತಿ ಕಳೆದುಕೊಂಡ ಅಲೆಯಲ್ಲಿ, ತಂತಿ ಹೊರಡಿಸಿದ ಸ್ವರದ ಜೊತೆಗೆ ಹೊಸ ಉಪಸ್ವರಗಳು ಹುಟ್ಟುತ್ತವೆ. ಜೋರು, ಮೆಲು ಎಂಬ ವ್ಯತ್ಯಾಸ ಕುಗ್ಗುತ್ತದೆ. ಹಾಗಾಗಿ ಮೀಟಿದ ಕ್ಷಣಕ್ಕೇ ಸಾಯಬೇಕಿದ್ದ ಗಿಟಾರಿನ ಸ್ವರ ಪಿಟೀಲಿನ ಸ್ವರದಂತೆ ಉದ್ದಕ್ಕೆ ನಿಲ್ಲುತ್ತದೆ. ಆದರೆ ಇದಕ್ಕೊಂದು ದಂಡವನ್ನೂ ತೆರಬೇಕು. ಈ ದನಿಯಲ್ಲಿ ಪೂರ್ತಿ ಮೇಜರ್ ಕಾರ್ಡ್ ನುಡಿಸಿದರೆ ಗಾಂಧಾರ ಉಳಿದ ಸ್ವರಗಳೊಡನೆ ಡಿಕ್ಕಿ ಹೊಡೆದು ರಾಡಿ ಎಬ್ಬಿಸುತ್ತದೆ. ಅದಕ್ಕೇ ರಾಕ್ ವಾದಕರು ಗಾಂಧಾರವನ್ನೇ ಕೈಬಿಟ್ಟು ಷಡ್ಜ, ಪಂಚಮ ಎರಡನ್ನೇ ಇಟ್ಟುಕೊಂಡರು. ಅದೇ ಪವರ್ ಕಾರ್ಡ್. ಅದು ಸಂತೋಷದ್ದೂ ಅಲ್ಲ, ದುಃಖದ್ದೂ ಅಲ್ಲ. ಹಾಡುವವನು ಯಾವ ಕಡೆಗೆ ಎಳೆದರೆ ಆ ಕಡೆಗೆ ಬರುತ್ತದೆ. ಹೆವಿ ಮೆಟಲ್ಲಿನ ಮುಕ್ಕಾಲು ಪಾಲು ನಿಂತಿರುವುದು ಈ ಎರಡು ಸ್ವರಗಳ ಮೇಲೆ.

ರಾಕ್ ಎಂದರೆ ಬರಿ ಗದ್ದಲ ಎನ್ನುವ ಹಿರಿಯರಿಗೆ ನಾನು ಇದನ್ನೇ ಹೇಳುವುದು. ಗದ್ದಲ ಹೌದು, ಆದರೆ ಆರಿಸಿ ಅಳೆದು ಇಟ್ಟ ಗದ್ದಲ. ತಂಬೂರಿ ಶ್ರುತಿ ಮಾಡುವವರನ್ನು ಹತ್ತಿರದಿಂದ ನೋಡಿದವರಿಗೆ ಇದು ಅಪರಿಚಿತವಾಗಬಾರದು. ಕುದುರೆಯ ಮೇಲೆ ತಂತಿಯಡಿ ಒಂದೆಳೆ ನೂಲು ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ, ಝೇಂಕಾರ ಬಿಚ್ಚಿಕೊಳ್ಳುವ ಜಾಗ ಹುಡುಕುತ್ತಾರೆ. ಧಾರವಾಡದ ಗಾಯಕರು ಜವಾರಿ ಎನ್ನುವುದು ಇದಕ್ಕೇ. ಮೀರಜ್‌ನಲ್ಲಿ ತಂಬೂರಿ ಮಾಡುವ ಕುಶಲಕರ್ಮಿಗಳು ಕುದುರೆಯ ಮೈಯನ್ನು ಸಣ್ಣ ಉಬ್ಬು ಬರುವಂತೆ ತೀಡುವುದು ಕೂಡ ತಂತಿ ಅದಕ್ಕೆ ತಾಕಿ ತಾಕಿ ಸಿಡುಕಲಿ ಎಂದೇ. ಸಿಡುಕು ತೆಗೆದ ತಂಬೂರಿಯನ್ನು ಹಿಂದೆ ಇಟ್ಟುಕೊಂಡು ಯಾರೂ ಹಾಡಲು ಕೂರುವುದಿಲ್ಲ. ಶುದ್ಧ ಸ್ವರವೊಂದೇ ಸಂಗೀತವಾಗಿದ್ದರೆ ಆ ನೂಲು ಯಾತಕ್ಕೆ ಬೇಕಿತ್ತು?

ಫಝ್ ಟೋನ್ ಮೊದಲ ಮೂರು ವರ್ಷ ಅಂಗಡಿಗಳಲ್ಲಿ ಧೂಳು ತಿಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಒಂದು ಧಾಟಿ ಹೊಳೆಯಿಸಿಕೊಂಡ. ಅವನ ಮನಸ್ಸಿನಲ್ಲಿದ್ದುದು ಗಿಟಾರ್ ಅಲ್ಲ, ಸೋಲ್ ಹಾಡುಗಳಲ್ಲಿ ಬರುವಂಥ ಟ್ರಂಪೆಟ್, ಸ್ಯಾಕ್ಸೊಫೋನುಗಳ ಸಾಲು. ಸದ್ಯಕ್ಕೆ ಗುರುತಿಗಿರಲಿ ಎಂದು ಫಝ್ ಟೋನ್ ಹಾಕಿ ನುಡಿಸಿಟ್ಟ. ಉಳಿದವರು ಅದನ್ನೇ ಬಿಡುಗಡೆ ಮಾಡೋಣವೆಂದರು, ಅವನ ಮಾತು ನಡೆಯಲಿಲ್ಲ. ಹಾಡು ಲೋಕವಿಖ್ಯಾತವಾಯಿತು, ಅಂಗಡಿಗಳಲ್ಲಿದ್ದ ಫಝ್ ಟೋನುಗಳು ಖಾಲಿಯಾದವು. ಅದೇ ವರ್ಷ ಓಟಿಸ್ ರೆಡ್ಡಿಂಗ್ ಅದೇ ಹಾಡನ್ನು ಹಿತ್ತಾಳೆ ವಾದ್ಯಗಳೊಂದಿಗೆ, ಅಂದರೆ ರಿಚರ್ಡ್ಸ್ ಮೊದಲು ಬಯಸಿದ್ದ ಹಾಗೆಯೇ, ಹಾಡಿದ. ಇವೆರಡರಲ್ಲಿ ಅಸಲಿ ಯಾವುದು? ರಾಕಿನ ಹೆಗ್ಗುರುತಾದ ಆ ದನಿ, ಬರೆದವನ ಲೆಕ್ಕದಲ್ಲಿ ಬೇರೆ ವಾದ್ಯಕ್ಕೆ ಕಾದಿಟ್ಟ ಜಾಗ. ಎದೆಯಿಂದ ನೇರ ಬಂದದ್ದು ಎನ್ನುವವರು ಇದಕ್ಕೆ ಏನು ಹೇಳುತ್ತಾರೋ.

ತಾವೇ ನುಡಿಸುತ್ತಾರೆ ಎಂಬ ಮಾತನ್ನೂ ನೋಡಿಬಿಡೋಣ. 1966ರಲ್ಲಿ ಅಮೆರಿಕದ ಟಿ.ವಿ. ಧಾರಾವಾಹಿಯೊಂದಕ್ಕಾಗಿ ನಾಲ್ವರನ್ನು ಆರಿಸಿ ಕಟ್ಟಿದ ತಂಡ ಮಂಕೀಸ್. ಮೊದಲ ಆಲ್ಬಮ್ಮುಗಳಲ್ಲಿ ಬಹುಪಾಲು ವಾದ್ಯ ನುಡಿಸಿದವರು ಕೂಲಿಗೆ ಬಂದ ಸ್ಟುಡಿಯೊ ವಾದಕರು. ಇದು ಹೊರಬಿದ್ದಾಗ ನಕಲಿ ತಂಡವೆಂಬ ಹೆಸರು ಅಂಟಿತು, ಇಂದಿಗೂ ಹೋಗಿಲ್ಲ. ಆದರೆ ಅದಕ್ಕೆ ಒಂದು ವರ್ಷ ಮೊದಲು ಬಂದ ಬರ್ಡ್ಸ್ ತಂಡದ 'ಮಿಸ್ಟರ್ ಟ್ಯಾಂಬರೀನ್ ಮ್ಯಾನ್' ಜನಪದ ರಾಕಿನ ಮೂಲಗ್ರಂಥ ಎನಿಸಿಕೊಂಡಿದೆ. ಅದರಲ್ಲಿ ತಂಡದವರ ಪೈಕಿ ವಾದ್ಯ ಮುಟ್ಟಿದ್ದು ರೋಜರ್ ಮೆಗ್ವಿನ್ ಒಬ್ಬನೇ. ಡ್ರಮ್ಸ್ ಹಾಲ್ ಬ್ಲೇನ್‌ನದು, ಹಾಡು ಬಾಬ್ ಡಿಲನ್‌ನದು. ಬೀಚ್ ಬಾಯ್ಸ್‌ನ 'ಪೆಟ್ ಸೌಂಡ್ಸ್' ಆಲ್ಬಮ್ಮಿಗೂ ದುಡಿದದ್ದು ಲಾಸ್ ಏಂಜಲಿಸ್‌ನ ಇದೇ ಕೂಲಿ ವಾದಕರ ಬಳಗ. ಒಂದೇ ಕೈಗಳು, ಒಂದೇ ಕೂಲಿ. ಒಬ್ಬರಿಗೆ ಕೀರ್ತಿ, ಇನ್ನೊಬ್ಬರಿಗೆ ಬೈಗುಳ. ಮಂಕೀಸ್ ಹುಡುಗರು ಕಂಪನಿಯೊಡನೆ ಜಗಳವಾಡಿ 1967ರಲ್ಲಿ 'ಹೆಡ್‌ಕ್ವಾರ್ಟರ್ಸ್' ಆಲ್ಬಮ್ಮನ್ನು ತಾವೇ ನುಡಿಸಿ ತಂದರು ಎಂಬುದನ್ನು ಬೈಯುವವರು ಹೇಳುವುದಿಲ್ಲ. ಅದೇ ವರ್ಷ ಜುಲೈನಲ್ಲಿ ಜಿಮಿ ಹೆಂಡ್ರಿಕ್ಸ್, ಹೌದು ಅದೇ ಹೆಂಡ್ರಿಕ್ಸ್, ಮಂಕೀಸ್ ಕಛೇರಿಗಳಿಗೆ ಆರಂಭದ ವಾದಕನಾಗಿ ಹೋಗಿದ್ದ. ಮಂಕೀಸ್‌ಗಾಗಿ ಕಿರುಚುತ್ತಿದ್ದ ಹುಡುಗಿಯರ ನಡುವೆ ಬಾಳದೆ ಕೆಲವೇ ದಿನಗಳಲ್ಲಿ ಬಿಟ್ಟು ಬಂದ. ಅವನನ್ನು ಕರೆದವರು ಮಂಕೀಸ್ ತಂಡದವರೇ, ಅವನ ವಾದನಕ್ಕೆ ಮರುಳಾಗಿ.

ಇಷ್ಟರಲ್ಲೇ ನಿಂತಿದ್ದರೆ ಅಸಲಿ-ನಕಲಿ ಜಗಳ ಹುಡುಗಾಟಿಕೆ ಎಂದು ಬಿಡಬಹುದಿತ್ತು. 1979ರ ಜುಲೈ 12ರ ರಾತ್ರಿ ಷಿಕಾಗೊದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ನಡೆದದ್ದನ್ನು ಹಾಗೆ ಬಿಡಲಾಗುವುದಿಲ್ಲ. ಸ್ಟೀವ್ ಡಾಲ್ ಎಂಬ ರೇಡಿಯೊ ನಿರೂಪಕನಿದ್ದ. ಅವನಿದ್ದ ಹಳೆಯ ಕೇಂದ್ರ ರಾಕ್ ಬಿಟ್ಟು ಡಿಸ್ಕೊಗೆ ಹೊರಳಿದಾಗ ಕೆಲಸ ಕಳೆದುಕೊಂಡಿದ್ದ. ಡಿಸ್ಕೊ ಹಾಡಿನ ಗ್ರಾಮಫೋನ್ ತಟ್ಟೆಯೊಂದನ್ನು ತಂದವರಿಗೆ 98 ಸೆಂಟಿಗೆ ಪ್ರವೇಶ. ಎರಡು ಪಂದ್ಯಗಳ ನಡುವೆ ಆ ತಟ್ಟೆಗಳನ್ನೆಲ್ಲ ಮೈದಾನದಲ್ಲಿ ರಾಶಿ ಹಾಕಿ ಸಿಡಿಮದ್ದಿಟ್ಟು ಉಡಾಯಿಸುವುದು ಅವನ ಕಾರ್ಯಕ್ರಮ. ಮೈದಾನ ಕಿಕ್ಕಿರಿಯಿತು. ರಾಶಿ ಸಿಡಿದದ್ದೇ ತಡ, ಸಾವಿರಾರು ಜನ ಬೇಲಿ ಹಾರಿ ಒಳಗೆ ನುಗ್ಗಿದರು. ಹುಲ್ಲು ಕಿತ್ತರು, ಬೆಂಕಿ ಹಾಕಿದರು. ಪೊಲೀಸರು ಬಂದು ಚದುರಿಸಬೇಕಾಯಿತು. ಎರಡನೆಯ ಪಂದ್ಯ ನಡೆಯಲೇ ಇಲ್ಲ, ಡೆಟ್ರಾಯ್ಟ್ ಗೆದ್ದಿತೆಂದು ಘೋಷಿಸಿದರು.

ಅಂದು ಆ ಮೈದಾನದಲ್ಲಿ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ ಮುಂದೆ ಹೇಳಿದ ಮಾತೊಂದಿದೆ. ಜನ ತಂದ ತಟ್ಟೆಗಳಲ್ಲಿ ಡಿಸ್ಕೊ ಅಲ್ಲದವೂ ಬೇಕಾದಷ್ಟಿದ್ದವು, ಕಪ್ಪು ಗಾಯಕರವು ಎಂಬುದಷ್ಟೇ ಅವುಗಳ ಗುರುತಾಗಿತ್ತು ಎಂದು. ಡಿಸ್ಕೊ ಬೆಳೆದದ್ದು ಕಪ್ಪು ಜನರ, ಲ್ಯಾಟಿನೊ ಜನರ, ಸಲಿಂಗಿಗಳ ಕ್ಲಬ್ಬುಗಳಲ್ಲಿ. ರಾಕ್ ಕೇಳುವ ಬಿಳಿ ಹುಡುಗರು ಅದನ್ನು ನಕಲಿ ಎಂದು ಸುಟ್ಟಾಗ ಸುಟ್ಟದ್ದು ಒಂದು ತಾಳವನ್ನು ಮಾತ್ರವಲ್ಲ. ಅಲ್ಲಿದ್ದ ಒಬ್ಬೊಬ್ಬನ ಮನಸ್ಸಿನಲ್ಲೂ ದ್ವೇಷವಿತ್ತು ಎಂದು ನಾನು ಹೇಳುವುದಿಲ್ಲ, ಎಷ್ಟೋ ಜನ ಅಗ್ಗದ ಟಿಕೆಟ್ಟಿಗೆ ಬಂದಿದ್ದಾರು. ಆದರೆ 'ಇದು ನಿಜವಾದ ಸಂಗೀತವಲ್ಲ' ಎಂಬ ಮಾತಿನ ಒಳಗೆ 'ಇವರು ನಮ್ಮವರಲ್ಲ' ಎಂಬುದು ಎಷ್ಟು ಸುಲಭವಾಗಿ ಅಡಗಿ ಕೂರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಸುಟ್ಟವರಿಗೆ ಸಂಗೀತವೇ ಉತ್ತರ ಕೊಟ್ಟಿತು. ಅದಾಗಿ ಒಂದು ತಿಂಗಳಿಗೆ ಷೀಕ್ ಎಂಬ ಡಿಸ್ಕೊ ತಂಡದ 'ಗುಡ್ ಟೈಮ್ಸ್' ಅಮೆರಿಕದ ಮೊದಲ ಸ್ಥಾನಕ್ಕೇರಿತು. ಅದರ ಬೇಸ್ ಧಾಟಿಯನ್ನು ಕೇಳಿ ಬೆಳೆಸಿಕೊಂಡ ಕ್ವೀನ್ ತಂಡದ ಜಾನ್ ಡೀಕನ್ 1980ರಲ್ಲಿ 'ಅನದರ್ ಒನ್ ಬೈಟ್ಸ್ ದ ಡಸ್ಟ್' ಕಟ್ಟಿದ. ಷೀಕ್‌ನ ಗಿಟಾರ್ ವಾದಕ ನೈಲ್ ರಾಜರ್ಸ್ 1983ರಲ್ಲಿ ಡೇವಿಡ್ ಬೋವಿಗೆ 'ಲೆಟ್ಸ್ ಡಾನ್ಸ್' ಮಾಡಿಕೊಟ್ಟ. ಡಿಸ್ಕೊದವನ ಲಯ, ಟೆಕ್ಸಸ್‌ನ ಬ್ಲೂಸ್ ವಾದಕ ಸ್ಟೀವಿ ರೇ ವಾನ್‌ನ ಗಿಟಾರು, ಇಂಗ್ಲೆಂಡಿನ ರಾಕ್ ತಾರೆಯ ಕಂಠ. ವಿನ್ಸ್ ಲಾರೆನ್ಸ್ ಕೂಡ ಸುಮ್ಮನೆ ಕೂರಲಿಲ್ಲ. 1984ರಲ್ಲಿ ಜೆಸ್ಸಿ ಸಾಂಡರ್ಸ್ ಜೊತೆ ಸೇರಿ 'ಆನ್ ಅಂಡ್ ಆನ್' ತಂದ. ಷಿಕಾಗೊದ ಹೌಸ್ ಸಂಗೀತದ ಮೊದಲ ತಟ್ಟೆಗಳಲ್ಲಿ ಅದೊಂದು.

ಕಸುಬಿನ ಮಾತೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಪವರ್ ಕಾರ್ಡ್ ಕಲಿಯಲು ಎರಡು ಬೆರಳು, ಒಂದು ಮಧ್ಯಾಹ್ನ ಸಾಕು. ನೈಲ್ ರಾಜರ್ಸ್‌ನ ಲಯ ಬೇರೆ ಜಾತಿಯದು. ಬಲಗೈ ಒಂದು ಮಾತ್ರೆಗೆ ನಾಲ್ಕರಂತೆ ನಿಲ್ಲದೆ ತೂಗುತ್ತಿರಬೇಕು. ಎಡಗೈ ಬೆರಳುಗಳು ತಂತಿಯನ್ನು ಪೂರ್ತಿ ಒತ್ತದೆ, ಪೂರ್ತಿ ಬಿಡದೆ ಅದರ ಮೇಲೆ ಮಲಗಿರಬೇಕು. ಎಲ್ಲಿ ಸ್ವರ ಬೇಕೋ ಅಲ್ಲಿ ಮಾತ್ರ ಒತ್ತಿ ತಕ್ಷಣ ಸಡಿಲಿಸಬೇಕು, ಉಳಿದದ್ದೆಲ್ಲ ಬರಿ 'ಚಿಕ ಚಿಕ' ಸದ್ದಾಗಬೇಕು. ಡಿಸ್ಟಾರ್ಷನ್ ಹಾಕಿ ತಪ್ಪನ್ನು ಮುಚ್ಚಿಕೊಳ್ಳುವ ಹಾಗಿಲ್ಲ, ಏಕೆಂದರೆ ದನಿ ಗಾಜಿನಷ್ಟು ತಿಳಿ. ಡಿಸ್ಕೊ ಸುಲಭದ ಸಂಗೀತ ಎನ್ನುವ ಗಿಟಾರ್ ವಾದಕ ಯಾರಾದರೂ ಸಿಕ್ಕರೆ ಅವನ ಕೈಗೆ ಒಮ್ಮೆ 'ಗುಡ್ ಟೈಮ್ಸ್' ಕೊಟ್ಟು ನೋಡಿ.

ಬಂಡಾಯದ ಮಾತಿಗೆ ಬರೋಣ. ಸೆಕ್ಸ್ ಪಿಸ್ಟಲ್ಸ್ ತಂಡವನ್ನು ಮುಂದೆ ತಂದ ಮಾಲ್ಕಂ ಮೆಕ್ಲಾರೆನ್ ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವನು. ನಿರ್ವಾಣ ತಂಡದ ಕರ್ಟ್ ಕೋಬೇನ್ 1992ರಲ್ಲಿ ದೊಡ್ಡ ಕಂಪನಿಗಳ ಪತ್ರಿಕೆಗಳನ್ನು ಹಳಿಯುವ ಬರಹವಿದ್ದ ಅಂಗಿ ತೊಟ್ಟು ನಿಂತ. ಎಲ್ಲಿ? 'ರೋಲಿಂಗ್ ಸ್ಟೋನ್' ಪತ್ರಿಕೆಯ ಮುಖಪುಟದಲ್ಲಿ. ಪತ್ರಿಕೆ ಅದನ್ನು ಸಂತೋಷವಾಗಿ ಅಚ್ಚು ಹಾಕಿ ಮಾರಿತು. ಕೋಬೇನ್ ಕಪಟಿ ಎಂದಲ್ಲ, ಪಾಪ, ಅವನಿಗೆ ಆ ಇಕ್ಕಟ್ಟು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಬಂಡಾಯಕ್ಕೂ ಗಿರಾಕಿಗಳಿದ್ದಾರೆ ಎಂದು ಮಾರುಕಟ್ಟೆ ಆ ಹೊತ್ತಿಗಾಗಲೇ ಅರಿತಿತ್ತು, ಅಷ್ಟೆ. ಈಗ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಿರ್ವಾಣದ ನಗುಮುಖದ ಟೀ ಶರ್ಟು, ರಮೋನ್ಸ್ ಲಾಂಛನದ ಟೀ ಶರ್ಟು ತೊಟ್ಟ ಹುಡುಗ ಹುಡುಗಿಯರು ಕಾಣುತ್ತಾರೆ. ಒಂದೂ ಹಾಡು ಕೇಳಿಲ್ಲ ಎಂದು ಅವರನ್ನು ಗೇಲಿ ಮಾಡುವ ಗೆಳೆಯರಿದ್ದಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಟೀ ಶರ್ಟಿಗೆ ದುಡ್ಡು ಕೊಟ್ಟಿದ್ದಾರೆ, ಪರೀಕ್ಷೆಗೆ ಕಟ್ಟಿಲ್ಲವಲ್ಲ.

ಹಾಗಾದರೆ ರಾಕಿನ ಬಂಡಾಯವೆಲ್ಲ ಸುಳ್ಳೇ ಎಂದು ಕೇಳಬಹುದು. ಅಲ್ಲ. ಕಮ್ಯುನಿಸ್ಟ್ ಆಳ್ವಿಕೆಯ ಚೆಕೊಸ್ಲೊವಾಕಿಯಾದಲ್ಲಿ ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್ ಎಂಬ ತಂಡವಿತ್ತು. ಅಮೆರಿಕದ ಫ್ರಾಂಕ್ ಜಪ್ಪಾ, ವೆಲ್ವೆಟ್ ಅಂಡರ್‌ಗ್ರೌಂಡ್ ಕೇಳಿ ಬೆಳೆದವರು. 1970ರಲ್ಲಿ ಸರ್ಕಾರ ಅವರ ವೃತ್ತಿ ಪರವಾನಗಿ ಕಿತ್ತುಕೊಂಡಿತು, 1976ರಲ್ಲಿ ತಂಡದವರನ್ನೂ ಜೊತೆಗಾರರನ್ನೂ ಹಿಡಿದು ವಿಚಾರಣೆ ನಡೆಸಿ ಜೈಲಿಗೆ ಹಾಕಿತು. ಆ ವಿಚಾರಣೆಯನ್ನು ಕಂಡು ಕೆರಳಿದ ನಾಟಕಕಾರ ವಾಕ್ಲಾವ್ ಹಾವೆಲ್ ಮತ್ತಿತರರು 1977ರ ಜನವರಿಯಲ್ಲಿ ಚಾರ್ಟರ್ 77 ಎಂಬ ಮಾನವ ಹಕ್ಕುಗಳ ಮನವಿಪತ್ರ ಹೊರಡಿಸಿದರು. 1989ರ ಕೊನೆಗೆ ಹಾವೆಲ್ ದೇಶದ ಅಧ್ಯಕ್ಷನಾದ. ವಿಚಿತ್ರವೆಂದರೆ, ಆ ವಾದಕರು ರಾಜಕೀಯ ಮಾಡಲು ಹೊರಟವರಲ್ಲ. ಉದ್ದ ಕೂದಲು ಬಿಟ್ಟು ತಮಗೆ ಬೇಕಾದ್ದನ್ನು ನುಡಿಸಿಕೊಂಡಿರುತ್ತೇವೆ ಎಂದವರು, ಅದನ್ನು ಅಪರಾಧ ಮಾಡಿದ್ದು ಸರ್ಕಾರ. ಬಂಡಾಯ ಗಿಟಾರಿನೊಳಗೆ ಇಲ್ಲ. ಯಾವ ಊರಿನಲ್ಲಿ, ಯಾರ ಆಳ್ವಿಕೆಯಲ್ಲಿ, ಎಷ್ಟು ಬೆಲೆ ತೆತ್ತು ನುಡಿಸಿದೆ ಎಂಬುದರಲ್ಲಿದೆ. ಅದೇ ಸ್ವರಗಳನ್ನು ಬಿಯರ್ ಕಂಪನಿಯ ಪ್ರಾಯೋಜಕತ್ವದಲ್ಲಿ ನುಡಿಸಿದರೆ ಅದು ಶನಿವಾರದ ಮನರಂಜನೆ. ಅದೂ ಮರ್ಯಾದೆಯ ಕೆಲಸವೇ.

ನಮ್ಮ ಬೆಂಗಳೂರಿಗೆ ಈ ಕಟ್ಟುಕಥೆ ಸಾಮಾನು ಸರಂಜಾಮು ಸಮೇತ ಬಂದಿಳಿದಿದೆ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬಂದಾಗ ಕಪ್ಪು ಟೀ ಶರ್ಟಿನ ಸಮುದ್ರವೇ ಅಲ್ಲಿ ನೆರೆದಿತ್ತು. ಅದರ ಉತ್ಸಾಹಕ್ಕೆ ನನ್ನ ನಮಸ್ಕಾರ. ಆದರೆ ಅದೇ ಉತ್ಸಾಹದ ಹುಡುಗರು ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಕಂಡರೆ ಮೂಗು ಮುರಿಯುತ್ತಾರೆ. ಅದು ಕಾಪಿ ಹೊಡೆಯುವ ಸಂಗೀತವಂತೆ. ಹಾಗೆನ್ನುವವನು ಪಬ್ಬಿನಲ್ಲಿ ನುಡಿಸುವುದು ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ', ಅದರ ಕೊನೆಯ ಗಿಟಾರ್ ಸೋಲೊ ಒಂದು ಸ್ವರವೂ ಆಚೀಚೆ ಆಗದಂತೆ. ಈಗಲ್ಸ್ ಕಾಪಿ ಹೊಡೆದರೆ ಕಲೆ, ರಾಜನ್-ನಾಗೇಂದ್ರರನ್ನು ಕಾಪಿ ಹೊಡೆದರೆ ಹೊಟ್ಟೆಪಾಡು!

ಆರ್ಕೆಸ್ಟ್ರಾದ ಗಿಟಾರ್ ವಾದಕನ ಪಕ್ಕದಲ್ಲಿ ನಿಂತು ಒಂದು ರಾತ್ರಿ ನೋಡಬೇಕು. ಮಡಿಸುವ ಕುರ್ಚಿ, ಎದುರಿಗೆ ಕಾಪೊ, ಪ್ಲೆಕ್ಟ್ರಂ ಇಟ್ಟ ಸ್ಟೂಲು, ಕಾಲ ಬಳಿ ಒಂದೇ ಒಂದು ಪ್ರೊಸೆಸರ್. ನೋಟ್‌ಬುಕ್ಕಿನಲ್ಲಿ ಹಾಡಿನ ಮೊದಲ ಸಾಲು, ಅದರ ಪಕ್ಕದಲ್ಲಿ ಶ್ರುತಿ, ಕಾರ್ಡುಗಳು. ಗಾಯಕ ಬದಲಾದರೆ ಶ್ರುತಿಗೆ ಗೀಟು ಹಾಕಿ ಮೇಲೊಂದು ಬರೆದಿರುತ್ತಾನೆ. ಗಣಪತಿ ಸ್ತುತಿಯಿಂದ ಶುರು, ಆಮೇಲೆ ಅಣ್ಣಾವ್ರ ಹಾಡು, ಅದಾದ ಮೇಲೆ ಹಂಸಲೇಖ, ನಡುವೆ ಯಾರೋ ಚೀಟಿ ಕಳಿಸಿದ ಜನಪದ ಗೀತೆ. ಮುಂದಿನ ಹಾಡು ಯಾವುದೆಂದು ಗಾಯಕ ಬೆನ್ನ ಹಿಂದೆ ಬೆರಳಲ್ಲೇ ಸನ್ನೆ ಮಾಡುತ್ತಾನೆ, ಈತ ಬಗ್ಗಿ ನೋಡದೆಯೇ ಕಾಲಲ್ಲಿ ದನಿ ಬದಲಿಸಿರುತ್ತಾನೆ. ರಾತ್ರಿ ಏರಿದ ಮೇಲೆ 'ಸಂತೋಷಕ್ಕೆ' ಬಂದೇ ಬರುತ್ತದೆ. 1981ರಲ್ಲಿ ಶಂಕರ್‌ನಾಗ್ 'ಗೀತಾ' ಚಿತ್ರಕ್ಕೆ ಇಳಯರಾಜರಿಂದ ಮಾಡಿಸಿದ ಹಾಡು, ಷಿಕಾಗೊದಲ್ಲಿ ಸುಟ್ಟುಹಾಕಿದ ಡಿಸ್ಕೊದ ಕುಣಿತವೇ ಅದರಲ್ಲೂ ಇರುವುದು. ಅಲ್ಲಿ ಅದನ್ನು ಸತ್ತಿತು ಎಂದು ಸಾರಿದ ಮೇಲೂ ಇಲ್ಲಿ ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ಅದು ಎದ್ದು ಕುಣಿಯುತ್ತದೆ. ನನ್ನ ಕಣ್ಣಿಗೆ ಈ ಮನುಷ್ಯ ಪಬ್ಬಿನ ಬಹುಪಾಲು ವಾದಕರಿಗಿಂತ ಒಳ್ಳೆಯ ಸಂಗೀತಗಾರ. ರಾತ್ರಿಯ ಸಂಭಾವನೆ ಮಾತ್ರ ಪಬ್ಬಿನವರಿಗಿಂತ ಕಡಿಮೆ.

ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಪದಗಳನ್ನು ಗಿಟಾರು, ಡ್ರಮ್ಸ್ ಜೊತೆ ಹಾಡಿದಾಗ ಎರಡೂ ಕಡೆಯಿಂದ ಗೊಣಗಾಟ ಕೇಳಿದ್ದು ನೆನಪಿದೆ. ಇದು ತತ್ವಪದ ಹಾಡುವ ರೀತಿಯಲ್ಲ ಎಂದು ಒಬ್ಬರು, ಇದು ರಾಕ್ ಅಲ್ಲ ಎಂದು ಇನ್ನೊಬ್ಬರು. ಹಾಡು ಇಬ್ಬರನ್ನೂ ದಾಟಿ ಹೋಯಿತು.

ಅಸಲಿತನದ ಬಾಗಿಲು ಕಾಯುವವರು ಯಾರನ್ನು ಹೊರಗೆ ನಿಲ್ಲಿಸಿದರು ಎಂದು ತಿಳಿಯಲು ಸಿಸ್ಟರ್ ರೊಸೆಟ್ಟಾ ಥಾರ್ಪ್ ಹೆಸರೊಂದು ಸಾಕು. ಅರ್ಕಾನ್ಸಾದಲ್ಲಿ 1915ರಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು, ಚರ್ಚಿನಲ್ಲಿ ಹಾಡಿ ಬೆಳೆದವಳು. ಎಲೆಕ್ಟ್ರಿಕ್ ಗಿಟಾರಿನಲ್ಲಿ ದೇವರ ಹಾಡು ನುಡಿಸಿದಳು, 1938ರಿಂದಲೇ ದೇವರ ಹಾಡನ್ನು ನೈಟ್‌ಕ್ಲಬ್ಬಿಗೂ ಒಯ್ದಳು. ದೇವರನ್ನು ಮಾರಿಕೊಂಡಳು ಎಂದು ಚರ್ಚಿನವರು ಮುನಿದರು. 1947ರಲ್ಲಿ ಜಾರ್ಜಿಯಾದ ಮೇಕನ್‌ನಲ್ಲಿ ಹದಿನಾಲ್ಕರ ಹುಡುಗನೊಬ್ಬನನ್ನು ತನ್ನ ವೇದಿಕೆಗೆ ಹತ್ತಿಸಿ ಹಾಡಿಸಿದಳು, ಅವನು ಲಿಟಲ್ ರಿಚರ್ಡ್. 1964ರಲ್ಲಿ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲ್ವೆ ನಿಲ್ದಾಣವೊಂದರಲ್ಲಿ ಟಿ.ವಿ. ಕಾರ್ಯಕ್ರಮಕ್ಕಾಗಿ ಆಕೆ ನುಡಿಸಿದ ಚಿತ್ರಣ ಇಂದಿಗೂ ಸಿಗುತ್ತದೆ. ಮಳೆಯಲ್ಲಿ ತೋಯ್ದ ಪ್ಲಾಟ್‌ಫಾರ್ಮು, ಮೈಮೇಲೆ ದಪ್ಪ ಕೋಟು, ಕೈಯಲ್ಲಿ ಬಿಳಿ ಗಿಬ್ಸನ್. ಆಕೆಯ ಬಲಗೈ ನೋಡಿ, ಆಮೇಲೆ ರಾಕ್ ಯಾರಿಂದ ಶುರುವಾಯಿತು ಎಂಬ ಚರ್ಚೆ ಮುಂದುವರಿಸಿ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 1986ರಲ್ಲಿ ತನ್ನ ಮೊದಲ ಪಟ್ಟಿ ಪ್ರಕಟಿಸಿತು. ಅದರಲ್ಲಿ ಲಿಟಲ್ ರಿಚರ್ಡ್ ಇದ್ದ, ಚಕ್ ಬೆರಿ ಇದ್ದ, ಎಲ್ವಿಸ್ ಇದ್ದ. ಗಾಯಕ ವಾದಕರ ಆ ಪಟ್ಟಿಯಲ್ಲಿ ಹೆಂಗಸು ಒಬ್ಬಳೂ ಇರಲಿಲ್ಲ. ರೊಸೆಟ್ಟಾ ಥಾರ್ಪ್ ಹೆಸರು ಅಲ್ಲಿಗೆ ಸೇರಿದ್ದು 2018ರಲ್ಲಿ. ಆಕೆ ತೀರಿಕೊಂಡದ್ದು 1973ರಲ್ಲಿ.